ಮಕ್ಕಳ ಹತ್ತು ಬೆರಳು ಕೊಡುವ ಮುನ್ನ

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ಸಂಘದ ವಾರದ ಸಭೆಗಳಲ್ಲಿ ಓದಿ ಹೇಳಲು ಅನುಕೂಲವಾಗಲೆಂದು ಮುದ್ರಿಸಲಾಗಿದೆ.)



ಕೂಲಿ ಬಿಟ್ಟು, ಹಾಲು ಹಾಕಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ಇಲ್ಲಿ ಕುಳಿತವರಲ್ಲಿ ಹಲವರು ಸಂಘಕ್ಕೆ ಸೇರಿ ಇಪ್ಪತ್ತು ವರ್ಷ ಕಳೆದಿದೆ. ಮೊದಲ ವರ್ಷ ನಾವು ಹಳ್ಳಿಗೆ ಬಂದಾಗ ನಿಮಗೆ ಹೇಳಿಕೊಟ್ಟ ಮೊದಲ ಕೆಲಸ ಯಾವುದು, ನೆನಪಿದೆಯಾ? ಸಹಿ. ಹೆಬ್ಬೆಟ್ಟು ಒತ್ತುವುದು ಬೇಡ, ಹೆಸರು ಬರೆಯೋದು ಕಲಿಯಿರಿ ಅಂತ ಸ್ಲೇಟು ಹಿಡಿದು ಕೂರಿಸಿದ್ದೆವು. ಒಬ್ಬ ಅಜ್ಜಿ ನಾಲ್ಕು ತಿಂಗಳು ಕಷ್ಟಪಟ್ಟು ತನ್ನ ಹೆಸರು ಬರೆದ ದಿನ ಇಡೀ ಸಂಘಕ್ಕೆ ಮಂಡಕ್ಕಿ ಖಾರ ಹಂಚಿದ್ದಳು.

ಅಂಥ ನೀವು ಈಗ ಸಾಲ ಮಾಡಿ ನಿಮ್ಮ ಮಕ್ಕಳ ಹತ್ತು ಬೆರಳಿನ ಗುರುತನ್ನೂ ಯಾರಿಗೋ ಒತ್ತಿ ಕೊಟ್ಟು ಬರುತ್ತಿದ್ದೀರಿ. ಇವತ್ತಿನ ಮಾತು ಅದರದ್ದೇ. ಟ್ಯೂಷನ್ ಸೆಂಟರುಗಳಲ್ಲಿ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆ ಮಾಡಿಸುವ ವಿಷಯ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ನಮ್ಮ ತರಬೇತಿ ಹಾಲನ್ನು ಒಂದು ಭಾನುವಾರ ಇಂಥದೇ ಒಂದು ಸೆಂಟರಿನವರಿಗೆ ಕೊಟ್ಟವರು ನಾವೇ. "ಬಡ ಮಕ್ಕಳಿಗೆ ಉಚಿತ ಬುದ್ಧಿಮತ್ತೆ ಶಿಬಿರ ಸಿಸ್ಟರ್" ಅಂದರು. ಕೋಟು ಹಾಕಿದ್ದರು, ಲ್ಯಾಪ್‌ಟಾಪ್ ಇತ್ತು, ಮಾತು ನಯವಾಗಿತ್ತು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದ ನಾವು, ಓದುವಾಗ ಮನೋವಿಜ್ಞಾನವನ್ನೂ ಓದಿದ ನಾವು, ಎರಡು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಉಚಿತವಾಗಿ ಸಿಕ್ಕಿದ್ದು ಭಾಷಣ ಮಾತ್ರ. ಪರೀಕ್ಷೆಗೆ ಒಂದು ಮಗುವಿಗೆ ನಾಲ್ಕೂವರೆ ಸಾವಿರ, ಇಬ್ಬರಿದ್ದರೆ ರಿಯಾಯಿತಿಯಲ್ಲಿ ಎಂಟು ಸಾವಿರ. "ದೇವರು ಪ್ರತಿ ಮಗುವಿನ ಬುದ್ಧಿಯನ್ನು ಬೆರಳಲ್ಲೇ ಬರೆದು ಕಳಿಸಿದ್ದಾನೆ, ನಾವು ಓದಿ ಹೇಳುತ್ತೇವೆ, ಅಷ್ಟೇ" ಅಂದರು ಆ ಸಾಹೇಬರು. ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿರಬೇಕು.

ಹಿಂದಿನವರು ಹಣೆಬರಹ ಅನ್ನುತ್ತಿದ್ದರು. ಅದು ಈಗ ಬೆರಳಿಗೆ ಇಳಿದಿದೆ, ಜೊತೆಗೆ ಬಿಲ್ಲೂ ಬರುತ್ತದೆ.

ಇದಾಗಿ ಕೆಲವು ತಿಂಗಳ ಮೇಲೆ ಗುಬ್ಬಿ ಕಡೆಯ ಒಂದು ಸಂಘದ ಲೆಕ್ಕ ತಪಾಸಣೆಗೆ ಹೋಗಿದ್ದೆವು. ಸಾಲದ ಪುಸ್ತಕದಲ್ಲಿ ಒಬ್ಬ ತಾಯಿಯ ಹೆಸರಿನ ಮುಂದೆ "ಮಕ್ಕಳ ಓದಿನ ಖರ್ಚು, 8,000" ಅಂತ ಇತ್ತು. ಶಾಲೆ ಫೀಜು ಕಟ್ಟುವ ಕಾಲ ಅದಲ್ಲ. ಕೇಳಿದೆವು. ಆ ತಾಯಿ ಒಳಗೆ ಹೋಗಿ ಎರಡು ಫೈಲು ತಂದಳು. ಹೊಳೆಯುವ ಹಾಳೆ, ಬಣ್ಣಬಣ್ಣದ ಚಕ್ರ, ಮೆದುಳಿನ ಚಿತ್ರ, ಮೂವತ್ತಕ್ಕೂ ಹೆಚ್ಚು ಪುಟ, ಎಲ್ಲ ಇಂಗ್ಲಿಷು. ಆಕೆಗೆ ಓದಲು ಬಾರದು, ಗಂಡನಿಗೂ ಬಾರದು. ಸೆಂಟರಿನ ಹುಡುಗಿ ಬಾಯಲ್ಲಿ ಹೇಳಿದ್ದನ್ನು ನಂಬಿಕೊಂಡು ಬಂದಿದ್ದರು.

ಮಗನಿಗೆ ನಾಯಕತ್ವದ ಬುದ್ಧಿ, ಲೆಕ್ಕದ ಬುದ್ಧಿ ಹೆಚ್ಚು. ಮಗಳಿಗೆ ಕೈಕೆಲಸದ ಬುದ್ಧಿ ಹೆಚ್ಚು, ಲೆಕ್ಕ ಕಡಿಮೆ. ಇಷ್ಟೇ ಅವರು ತಿಳಿದುಕೊಂಡದ್ದು. ಮಗನನ್ನು ತುಮಕೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕುವುದು ಅಂತ ತೀರ್ಮಾನವಾಯಿತು. ಏಳನೇ ಕ್ಲಾಸು ಮುಗಿಸಿದ್ದ ಮಗಳು ಮನೆಯಲ್ಲಿ ಉಳಿದಳು. "ಹೊಲಿಗೆ ಕಲೀಲಿ ಸಿಸ್ಟರ್. ಓದು ಅವಳ ಬೆರಳಲ್ಲೇ ಇಲ್ವಂತೆ, ಸುಮ್ನೆ ಯಾಕೆ ದುಡ್ಡು ಹಾಳು" ಅಂದರು ತಂದೆ. ಹೊಲಿಗೆ ಒಳ್ಳೆಯ ಕಸುಬು, ನಾವೇ ಎಷ್ಟೋ ಹೆಣ್ಣುಮಕ್ಕಳಿಗೆ ಕಲಿಸಿದ್ದೇವೆ. ಆದರೆ ಹದಿಮೂರು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಕಲಿಸಲಿಲ್ಲ.

ಆಮೇಲೆ ಸಾಲದ ಪುಸ್ತಕವನ್ನು ಮತ್ತೆ ತಿರುವಿ ನೋಡಿದಾಗ ಒಂದು ಸಂಗತಿ ಗೊತ್ತಾಯಿತು. ನೂರಕ್ಕೆ ಎರಡು ರೂಪಾಯಿ ಬಡ್ಡಿ, ಉಳಿದ ಅಸಲು, ಕಟ್ಟಿದ ಕಂತು, ಎಲ್ಲ ದುಂಡಗಿನ ಅಕ್ಷರದಲ್ಲಿ ತಪ್ಪಿಲ್ಲದೆ ಬರೆದಿತ್ತು. ಯಾರು ಬರೆದದ್ದು ಅಂತ ಕೇಳಿದರೆ, ಆ ವರ್ಷ ಪುಸ್ತಕ ಬರೆಯುವ ಸರದಿ ಈ ತಾಯಿಯದು, ಬರೆಯುತ್ತಿದ್ದವಳು ಅದೇ ಹುಡುಗಿ! ಇಪ್ಪತ್ತು ಜನ ಸದಸ್ಯೆಯರ ಬಡ್ಡಿ ಲೆಕ್ಕವನ್ನು ಬೆರಳಲ್ಲಿ ಎಣಿಸದೆ ಹಾಕುತ್ತಿದ್ದವಳಿಗೆ ಲೆಕ್ಕದ ಬುದ್ಧಿ ಇಲ್ಲ ಅಂತ ಅವಳ ಬೆರಳು ಹೇಳಿದೆಯಂತೆ. ಇದನ್ನು ತಾಯಿಗೆ ತೋರಿಸಿದೆವು. ಆಕೆ ಪುಸ್ತಕ ನೋಡಿದಳು, ಫೈಲು ನೋಡಿದಳು. "ಕಂಪ್ಯೂಟ್ರಲ್ಲಿ ತೆಗ್ದು ಕೊಟ್ಟವ್ರೆ ಸಿಸ್ಟರ್, ಮಿಷನ್ನು ಸುಳ್ಳು ಹೇಳ್ತದಾ?" ಅಂದಳು.

ಈ ಪ್ರಶ್ನೆ ನಿಮ್ಮಲ್ಲೂ ಇದ್ದೀತು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಬೆರಳ ತುದಿಯ ಗೆರೆಗಳು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡುತ್ತವೆ. ಮೂರನೇ ತಿಂಗಳ ಸುಮಾರಿಗೆ ಶುರುವಾಗಿ ಹುಟ್ಟುವ ಎಷ್ಟೋ ಮೊದಲೇ ಪೂರ್ತಿಯಾಗುತ್ತವೆ, ಸಾಯುವವರೆಗೆ ಬದಲಾಗುವುದಿಲ್ಲ. ಈ ಗೆರೆಗಳನ್ನು ಅಭ್ಯಾಸ ಮಾಡುವ ಶಾಸ್ತ್ರ ನಿಜವಾಗಿಯೂ ಇದೆ. ಹೆರಾಲ್ಡ್ ಕಮಿನ್ಸ್ ಎಂಬ ವಿಜ್ಞಾನಿ 1926ರಲ್ಲಿ ಅದಕ್ಕೆ ಡರ್ಮಟೊಗ್ಲಿಫಿಕ್ಸ್ ಅಂತ ಹೆಸರಿಟ್ಟರು. ಡೌನ್ ಸಿಂಡ್ರೋಮ್‌ನಂಥ ಹುಟ್ಟಿನಿಂದ ಬರುವ ಕೆಲವು ಸ್ಥಿತಿಗಳಲ್ಲಿ ಅಂಗೈ ಮತ್ತು ಬೆರಳಿನ ಗೆರೆಗಳು ಬೇರೆ ರೀತಿ ಇರುವುದುಂಟು. ಇಷ್ಟು ನಿಜ. ಇನ್ನೊಂದು ನಿಜ: ಹೊವಾರ್ಡ್ ಗಾರ್ಡನರ್ ಎಂಬ ಅಮೆರಿಕದ ವಿದ್ವಾಂಸರು 1983ರಲ್ಲಿ ಒಂದು ಪುಸ್ತಕ ಬರೆದು, ಬುದ್ಧಿ ಅನ್ನೋದು ಒಂದೇ ಅಲ್ಲ, ಭಾಷೆಯ ಬುದ್ಧಿ, ಲೆಕ್ಕದ ಬುದ್ಧಿ, ಸಂಗೀತದ ಬುದ್ಧಿ, ಮೈಚಳಕದ ಬುದ್ಧಿ ಹೀಗೆ ಹಲವು ಅಂತ ಹೇಳಿದರು. ಬೆರಳಚ್ಚು ನೋಡಿದರೆ ಇದು ಗೊತ್ತಾಗುತ್ತದೆ ಅಂತ ಅವರು ಹೇಳಲಿಲ್ಲ. ವ್ಯಾಪಾರದವರು ಮಾಡಿದ್ದು ಇಷ್ಟೇ: ಈ ಒಂದು ನಿಜ, ಆ ಒಂದು ನಿಜ, ಎರಡನ್ನೂ ತಂದು ನಡುವೆ ಒಂದು ಸುಳ್ಳಿನ ಗಂಟು ಹಾಕಿದರು. ಅದಕ್ಕೆ ಡಿಎಂಐಟಿ ಅಂತ ಹೆಸರಿಟ್ಟರು. ನಮ್ಮ ದೇಶದ ಮನೋವೈದ್ಯರ ಸಂಘವಾದ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 2019ರಲ್ಲಿ ಬಹಿರಂಗವಾಗಿಯೇ ಹೇಳಿತು, ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಅಂತ.

ಇನ್ನೂ ಸುಲಭವಾಗಿ ಹೇಳುವುದಾದರೆ, ಕುಣಿಗಲ್‌ನಿಂದ ಬಂದ ಸಹೋದರಿಯರು ನಿಮ್ಮೂರಿನ ಕುದುರೆ ಫಾರಂ ನೋಡಿದ್ದೀರಿ. ಮಣ್ಣಿನ ಮೇಲೆ ಬಿದ್ದ ಗೊರಸಿನ ಗುರುತು ನೋಡಿ, ಈ ಕುದುರೆ ಪಂದ್ಯ ಗೆಲ್ಲುತ್ತದೆ ಅಂತ ಯಾರಾದರೂ ಹೇಳುತ್ತಾರಾ? ಓಡಿಸಿ ನೋಡಬೇಕು ತಾನೇ. ಮಗುವನ್ನೂ ಅಷ್ಟೆ. ಓದಿಸಿ, ಬರೆಸಿ, ಮಾತಾಡಿಸಿ, ಆಡಿಸಿ ನೋಡಬೇಕು. ಬೆರಳು ಒತ್ತಿಸಿಕೊಂಡವರು ಮಗುವಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅನ್ನುವುದನ್ನು ಗಮನಿಸಿ. ಹೆಸರೇನು ಅಂತ ಕೇಳಿದರಂತೆ, ಅದೂ ಬಿಲ್ಲಿಗೆ.

"ಆದ್ರೂ ಸಿಸ್ಟರ್, ಅವರು ಹೇಳಿದ್ದೆಲ್ಲ ನಮ್ಮ ಮಗುಗೆ ಸರಿಯಾಗೇ ಹೊಂದುತ್ತೆ" ಅಂತ ಕೆಲವರು ಅನ್ನುತ್ತೀರಿ. ಏನು ಹೇಳಿದ್ದರು? ಮಗು ಬುದ್ಧಿವಂತ ಆದರೆ ಗಮನ ಕಡಿಮೆ. ಪ್ರೀತಿಯಿಂದ ಹೇಳಿದರೆ ಕೇಳುತ್ತದೆ, ಗದರಿದರೆ ಹಟ ಮಾಡುತ್ತದೆ. ಒಳಗೆ ಪ್ರತಿಭೆ ಇದೆ, ಹೊರಗೆ ತರಬೇಕು. ಇದು ಯಾವ ಮಗುವಿಗೆ ಹೊಂದುವುದಿಲ್ಲ ಹೇಳಿ! ಬುಡಬುಡಿಕೆಯವನು ಬಾಗಿಲಿಗೆ ಬಂದು "ಮನೆಗೆ ದುಡೀತೀ ತಾಯಿ, ಹೆಸರಿಲ್ಲ" ಅಂದರೆ ಪ್ರತಿ ಹೆಂಗಸಿಗೂ ತನಗೇ ಹೇಳಿದ ಹಾಗೆ ಇರುತ್ತದೆ. ಅವನಿಗೆ ಒಂದು ಸೇರು ರಾಗಿ ಹಾಕಿ ಕಳಿಸುತ್ತಿದ್ದೆವು. ಇವರಿಗೆ ಸಂಘದ ಎಂಟು ಸಾವಿರ ಹೋಗಿದೆ.

ಪರೀಕ್ಷೆಯ ಹಿಂದೆಯೇ ಮತ್ತೊಂದು ಬರುತ್ತದೆ, ಅದನ್ನೂ ಹೇಳಿಬಿಡೋಣ. ರಿಪೋರ್ಟಿನಲ್ಲಿ ಕಡಿಮೆ ಅಂತ ಬಂದ ಬುದ್ಧಿಯನ್ನು ಹೆಚ್ಚಿಸುವ ಕೋರ್ಸು! ಹಿಂದೆ 2010ರ ದಶಕದಲ್ಲಿ ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಅಂತ ಊರೂರಲ್ಲಿ ನಡೆಯಿತು. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸಿ ತೋರಿಸುತ್ತಿದ್ದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಅದನ್ನು ಬಯಲು ಮಾಡಿದರು. ಮೂಗಿನ ಪಕ್ಕದ ಸಂದಿಯಿಂದ ಮಕ್ಕಳಿಗೆ ಕಾಣುತ್ತಿತ್ತು, ಸಂದಿ ಸರಿಯಾಗಿ ಮುಚ್ಚಿದರೆ ಯಾವ ಮಗುವೂ ಓದಲಿಲ್ಲ. ನಮಗೆ ಇದರಲ್ಲಿ ಹೆಚ್ಚು ನೋವಾಗುವುದು ದುಡ್ಡಿನ ಮೋಸಕ್ಕಲ್ಲ. ಎಂಟು ವರ್ಷದ ಮಗು ತನಗೆ ಸಂದಿಯಿಂದ ಕಾಣುತ್ತಿದೆ ಅಂತ ತಿಳಿದೂ, ಅಪ್ಪ ಅಮ್ಮನ ಮುಖದ ಸಂತೋಷ ನೋಡಿ ಸುಳ್ಳು ಹೇಳುವುದನ್ನು ಕಲಿಯುತ್ತದಲ್ಲ, ಅದಕ್ಕೆ.

ಇನ್ನು ಕುಣಿಗಲ್ ಕಡೆಯ ಒಂದು ಹುಡುಗನ ವಿಷಯ. ನಾಲ್ಕನೇ ಕ್ಲಾಸು. ಮೇಷ್ಟ್ರು ಹೇಳಿದ್ದು ಒಂದು, ಇವನು ಬರೆಯುವುದು ಇನ್ನೊಂದು. ಮಂದಬುದ್ಧಿ ಇರಬಹುದೇನೋ ಅಂತ ಹೆದರಿ ತಾಯಿ ತುಮಕೂರಿಗೆ ಕರೆತಂದು ಬೆರಳಚ್ಚು ಪರೀಕ್ಷೆ ಮಾಡಿಸಿದಳು. ಇವನು ಕಿವಿಯಿಂದ ಕೇಳಿ ಕಲಿಯುವ ಮಗು, ಪಾಠವನ್ನು ಬಾಯಲ್ಲಿ ಹೇಳಿಕೊಡಿ, ಬರೆಸಬೇಡಿ ಅಂತ ರಿಪೋರ್ಟು ಬಂತು. ಪಾಪ, ಆ ತಾಯಿ ಆರು ತಿಂಗಳು ಹಾಗೇ ಮಾಡಿದಳು. ಹುಡುಗ ಇನ್ನೂ ಹಿಂದೆ ಬಿದ್ದ. ನಮ್ಮ ಕಾರ್ಯಕರ್ತೆ ಮನೆಗೆ ಹೋದಾಗ ಅವನು ಟಿವಿಯ ಹತ್ತಿರ ಒಂದು ಕಡೆ ತಲೆ ವಾಲಿಸಿ ಕುಳಿತಿದ್ದ. ದಿಂಬಿನ ಬಟ್ಟೆಯ ಮೇಲೆ ಕಲೆ ಇತ್ತು. ಕಿವಿ ಸೋರುತ್ತಿತ್ತು! ಚಿಕ್ಕಂದಿನಿಂದ ಸೋರುತ್ತಾ ಒಂದು ಕಿವಿ ಬಹಳ ಮಂದವಾಗಿತ್ತು. ಕಿವಿ ಕೇಳದ ಮಗುವಿಗೆ ಕಿವಿಯಿಂದಲೇ ಕಲಿಸಿ ಅಂದಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿ, ಔಷಧಿಯಾಗಿ, ಮುಂದಿನ ಬೆಂಚಿನಲ್ಲಿ ಒಳ್ಳೆ ಕಿವಿ ಮೇಷ್ಟ್ರ ಕಡೆ ಬರುವ ಹಾಗೆ ಕೂರಿಸಿದ ಮೇಲೆ ಅವನು ನಿಧಾನವಾಗಿ ಸುಧಾರಿಸಿದ್ದಾನೆ. ಮೊದಲನೇ ರ‍್ಯಾಂಕೇನೂ ಬಂದಿಲ್ಲ. ಡಿಕ್ಟೇಶನ್ ಬರೆಯುತ್ತಾನೆ, ಅಷ್ಟು ಸಾಕು.

ಹಾಗಾದರೆ ಬುದ್ಧಿ ಪರೀಕ್ಷೆ ಅನ್ನುವುದೇ ಸುಳ್ಳಾ? ಅಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಕೆಲವು ಮಕ್ಕಳಿಗೆ ನಿಜವಾದ ಪರೀಕ್ಷೆ ಬಹಳ ಅಗತ್ಯ.

ಫ್ರಾನ್ಸ್ ದೇಶದಲ್ಲಿ 1905ರಲ್ಲಿ ಆಲ್ಫ್ರೆಡ್ ಬಿನೆ ಎಂಬುವರು ತಮ್ಮ ಜೊತೆಗಾರ ಸಿಮೋನ್ ಅವರೊಂದಿಗೆ ಮೊದಲ ಪರೀಕ್ಷೆ ತಯಾರಿಸಿದರು. ಯಾವ ಮಕ್ಕಳಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದಕ್ಕೆ ಮಾಡಿದ್ದು ಅದು. ಮಕ್ಕಳನ್ನು ಸೋಸಿ ಎಸೆಯುವುದಕ್ಕಲ್ಲ. ಮಗುವಿನ ಬುದ್ಧಿ ಇಷ್ಟೇ, ಹೆಚ್ಚಾಗುವುದೇ ಇಲ್ಲ ಅನ್ನುವವರನ್ನು ಬಿನೆ ಅವರು 1909ರಲ್ಲಿ ಬರೆದ ಪುಸ್ತಕದಲ್ಲಿ ಕಟುವಾಗಿಯೇ ವಿರೋಧಿಸಿದರು. ಆ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ತಂದವರು ಯಾರು ಗೊತ್ತಾ? ಧಾರವಾಡದಲ್ಲಿದ್ದ ಡಾ. ವಿ. ವಿ. ಕಾಮತ್ ಅವರು. ಫ್ರಾನ್ಸಿನ ಮಗುವಿಗೆ ಕೇಳುವ ಪ್ರಶ್ನೆ ನಮ್ಮ ಮಗುವಿಗೆ ಅರ್ಥವಾಗದು ಅಂತ ತಿಳಿದು, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪ್ರಶ್ನೆಗಳನ್ನು ತಿದ್ದಿ, ಮಕ್ಕಳ ಮೇಲೆ ಪ್ರಯೋಗ ಮಾಡಿ, 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಅದಕ್ಕೆ ಹೆಸರು. ಬಹಳ ಹಳೆಯದಾಯಿತು ಅನ್ನುವ ಟೀಕೆ ಇದ್ದರೂ, ಆಸ್ಪತ್ರೆಗಳಲ್ಲಿ ಅದರ ಹೆಸರು ಇವತ್ತಿಗೂ ಕೇಳುತ್ತೀರಿ. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಪರೀಕ್ಷೆ ತೊಂಬತ್ತು ವರ್ಷದ ಹಿಂದೆಯೇ ಇರುವಾಗ ಇಂಗ್ಲಿಷಿನ ಬಣ್ಣದ ಫೈಲು ಕೈಗೆ ಕೊಟ್ಟು ಕಳಿಸುವುದನ್ನು ನಾವು ಒಪ್ಪಿಕೊಳ್ಳಬೇಕಿಲ್ಲ.

ನಿಜವಾದ ಪರೀಕ್ಷೆ ಹೇಗಿರುತ್ತದೆ? ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಮಗುವಿನ ಎದುರು ಕೂರುತ್ತಾರೆ. ಒಂದು ಗಂಟೆ, ಕೆಲವೊಮ್ಮೆ ಎರಡು ಮೂರು ದಿನ ಬರಹೇಳುತ್ತಾರೆ. ಅಂಕಿ ಹೇಳಿ ಹಿಂದುಮುಂದಾಗಿ ಹೇಳಿಸುತ್ತಾರೆ, ಮರದ ತುಂಡು ಜೋಡಿಸಲು ಕೊಡುತ್ತಾರೆ, ಎರಡು ವಸ್ತುಗಳಲ್ಲಿ ಏನು ವ್ಯತ್ಯಾಸ ಅಂತ ಕೇಳುತ್ತಾರೆ, ಓದಿಸುತ್ತಾರೆ, ಬರೆಸುತ್ತಾರೆ. ಅದಕ್ಕೂ ಮೊದಲು ನಿಮ್ಮನ್ನು ಕೇಳುತ್ತಾರೆ. ಹುಟ್ಟಿದ ಕೂಡಲೆ ಅತ್ತಿತಾ, ಯಾವಾಗ ನಡೆಯಿತು, ಯಾವಾಗ ಮಾತಾಡಿತು, ಫಿಟ್ಸ್ ಬಂದಿತ್ತಾ, ಮನೆಯಲ್ಲಿ ಜಗಳ ಉಂಟಾ, ಬೆಳಿಗ್ಗೆ ಏನು ತಿನ್ನುತ್ತದೆ. ಶಾಲೆಯ ನೋಟ್‌ಬುಕ್ ತರಹೇಳುತ್ತಾರೆ. ಕೊನೆಗೆ ಬರೀ ನಂಬರ್ ಕೊಟ್ಟು ಕಳಿಸುವುದಿಲ್ಲ, ಮುಂದೆ ಏನು ಮಾಡಬೇಕು ಅಂತ ಹೇಳುತ್ತಾರೆ. ಅಲ್ಲಿಯೂ ಆ ನಂಬರನ್ನು ಮನೆಯಲ್ಲಿ, ಓಣಿಯಲ್ಲಿ ಹೇಳಿಕೊಂಡು ತಿರುಗಬೇಡಿ. ಜ್ವರ ಬಂದ ದಿನ, ಹೆದರಿದ ದಿನ, ಹಸಿದ ದಿನ ಮಗು ಕಡಿಮೆಯೇ ಮಾಡುತ್ತದೆ.

ತುಮಕೂರು ನಗರದಲ್ಲೇ ಮನೆಕೆಲಸ ಮಾಡುವ ಒಬ್ಬ ತಾಯಿಯ ಮಗನಿಗೆ ಇಂಥ ಪರೀಕ್ಷೆಯಿಂದ ಉಪಕಾರವಾಯಿತು. ಬಾಯಲ್ಲಿ ಕೇಳಿದರೆ ಎಲ್ಲಾ ಹೇಳುತ್ತಿದ್ದ. ಬರೆಯಲು ಕೂತರೆ ಅಕ್ಷರ ತಲೆಕೆಳಗು, ಒತ್ತಕ್ಷರ ಮಾಯ. ಸೋಮಾರಿ ಅಂತ ಎಂಟು ವರ್ಷ ಏಟು ತಿಂದಿದ್ದ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದಾಗ ಬುದ್ಧಿ ಚೆನ್ನಾಗಿಯೇ ಇದೆ, ಕಲಿಕಾ ನ್ಯೂನತೆ ಇದೆ ಅಂತ ಗೊತ್ತಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳು ಸಿಗುತ್ತವೆ. ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕು, ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗದು. ಆ ಹುಡುಗ ಪಾಸಾದ. ತಾಯಿ ನಮ್ಮ ಆಫೀಸಿಗೆ ಮೈಸೂರುಪಾಕು ತಂದಿದ್ದಳು. "ಇವ್ನು ಸೋಮಾರಿ ಅಲ್ಲ ಅಂತ ಒಬ್ರಾದ್ರೂ ಬರ್ದು ಕೊಟ್ರಲ್ಲ ಸಿಸ್ಟರ್" ಅಂದಳು. ಪಾಸಾದದ್ದಕ್ಕಿಂತ ಅದೇ ಅವಳಿಗೆ ದೊಡ್ಡದಾಗಿತ್ತು.

ಈಗ ಮಗು ಓದಿನಲ್ಲಿ ಹಿಂದೆ ಅಂತ ಚಿಂತೆಯಿದ್ದರೆ ಏನು ಮಾಡಬೇಕು? ಮೊದಲು ಕಣ್ಣು, ಕಿವಿ, ರಕ್ತ. ಬೋರ್ಡು ಕಾಣುತ್ತದಾ, ಕರೆದರೆ ತಿರುಗುತ್ತದಾ, ಕಣ್ಣಿನ ರೆಪ್ಪೆಯ ಒಳಗೆ ಬೆಳ್ಳಗಾಗಿದೆಯಾ. ರಕ್ತ ಕಡಿಮೆ ಇರುವ ಮಗು, ಹೊಟ್ಟೆಹುಳು ಇರುವ ಮಗು, ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡಿದ ಮಗು ಕ್ಲಾಸಿನಲ್ಲಿ ತೂಕಡಿಸುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಗಿದೆ. ಅದರ ಡಾಕ್ಟರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ 18 ವರ್ಷದವರೆಗಿನವರಿಗೆ ಅದು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸುವುದೂ ಅವರ ಕೆಲಸ. ನಿಮ್ಮ ಶಾಲೆಗೆ ಯಾವ ದಿನ ಬರುತ್ತಾರೆ ಅಂತ ಹೆಡ್‌ಮಾಸ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಆ ದಿನ ಕೂಲಿ ಬಿಟ್ಟಾದರೂ ನೀವೇ ಹೋಗಿ ನಿಲ್ಲಿ. ಮಗು ಏನು ಹೇಳೀತು ಪಾಪ, ನೀವು ಹೇಳಬೇಕು.

ಅಲ್ಲಿಂದ ಮುಂದೆ ಬೇಕಾದರೆ ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬನ್ನಿ. ಮಕ್ಕಳ ಡಾಕ್ಟರಿಗೂ ಮನೋವೈದ್ಯರಿಗೂ ತೋರಿಸಿ. ಇನ್ನೂ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಸೇಂಟ್ ಜಾನ್ಸ್ ಆಸ್ಪತ್ರೆ ಇದೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ನಿಮ್ಹಾನ್ಸ್‌ಗೆ ಹೋಗುವುದೆಂದರೆ ಹುಚ್ಚು ಅಂತ ನಾಚಿಕೊಳ್ಳುವುದನ್ನು ಇನ್ನಾದರೂ ಬಿಡಬೇಕು ನಾವು. ನಾಚಿಕೆಯಿಂದಲೇ ಜನ ಆ ಕಡೆ ಹೋಗದೆ ಬಣ್ಣದ ಬೋರ್ಡಿನ ಕಡೆ ಹೋಗುತ್ತಾರೆ. ಮನಸ್ಸಿನ ಯಾವುದೇ ಚಿಂತೆಗೆ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಅದು ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ.

ಇನ್ನು ಸೆಂಟರಿನವರು ಮತ್ತೆ ಬಂದರೆ? ಬಾಗಿಲು ಹಾಕಿಕೊಳ್ಳಿ ಅಂತ ನಾವು ಹೇಳುವುದಿಲ್ಲ. ಕೇಳಿ. ಪರೀಕ್ಷೆ ಮಾಡುವವರು ಯಾರು, ಕ್ಲಿನಿಕಲ್ ಸೈಕಾಲಜಿಸ್ಟ್ ಹೌದಾ, ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ನಂಬರ್ ಏನು? ಮಗುವಿನ ಜೊತೆ ಎಷ್ಟು ಹೊತ್ತು ಕೂರುತ್ತಾರೆ? ಕನ್ನಡದಲ್ಲಿ ಬರೆದು ಕೊಡುತ್ತಾರಾ? ಪರೀಕ್ಷೆ ಆದ ಮೇಲೆ ಅವರದೇ ಕೋರ್ಸಿಗೆ ಸೇರಬೇಕಾ? ತೂಕ ಮಾಡುವವನೂ ಅವನೇ, ಮಾರುವವನೂ ಅವನೇ ಆದರೆ ತಕ್ಕಡಿಯನ್ನು ಸ್ವಲ್ಪ ನೋಡಬೇಕಲ್ಲವಾ? ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಮಾಡುವ ಚೌಕಾಸಿಯನ್ನು ಕೋಟು ಹಾಕಿದವರ ಮುಂದೆ ನಾವು ಮರೆತುಬಿಡುತ್ತೇವೆ.

ಕೋಚಿಂಗ್ ಸೆಂಟರುಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ರಾಜ್ಯಗಳಿಗೆ ಮಾರ್ಗಸೂಚಿ ಕಳುಹಿಸಿತು. ದಾರಿ ತಪ್ಪಿಸುವ ಭರವಸೆ ಕೊಡಬಾರದು, 16 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳಬಾರದು, ನಡುವೆ ಬಿಟ್ಟರೆ ಉಳಿದ ಅವಧಿಯ ಫೀಜನ್ನು 10 ದಿನದೊಳಗೆ ವಾಪಸು ಕೊಡಬೇಕು ಅಂತ ಅದರಲ್ಲಿದೆ. ಮೋಸವಾಗಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಹೇಳಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಆದರೆ ರಸೀದಿ ಬೇಕು. ಗುಬ್ಬಿಯ ತಾಯಿಗೆ ರಸೀದಿಯನ್ನೇ ಕೊಟ್ಟಿರಲಿಲ್ಲ, ಆಕೆ ಕೇಳಿರಲೂ ಇಲ್ಲ. ಸಂಘದಲ್ಲಿ ಹತ್ತು ರೂಪಾಯಿಗೂ ರಸೀದಿ ಕೇಳುವವಳು!

ಇನ್ನೊಂದು ಮಾತು, ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರಲು ಬೆರಳು, ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಹತ್ತಿರ ದುಡ್ಡು ತೆಗೆಯಲು ಬೆರಳು. ಬೆರಳಚ್ಚು ಅಂದರೆ ಇವತ್ತು ಬೀಗದ ಕೈ ಇದ್ದ ಹಾಗೆ. ನಿಮ್ಮ ಮಗುವಿನ ಹತ್ತೂ ಬೆರಳು, ಹೆಸರು, ಹುಟ್ಟಿದ ತಾರೀಖು, ವಿಳಾಸ, ಫೋನ್ ನಂಬರು ಎಲ್ಲ ಯಾರದೋ ಲ್ಯಾಪ್‌ಟಾಪಿನಲ್ಲಿ ಕುಳಿತಿದೆ. ಬೀಗ ಬದಲಾಯಿಸಬಹುದು, ಬೆರಳು ಬದಲಾಯಿಸಲಾಗುವುದಿಲ್ಲ. ಈಗಾಗಲೇ ಕೊಟ್ಟವರು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿಕೊಳ್ಳಬಹುದು. ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಸಹಾಯ ಮಾಡುತ್ತಾಳೆ.

ಗುಬ್ಬಿಯ ಹುಡುಗಿ ಏನಾದಳು ಅಂತ ಕೇಳುತ್ತೀರಿ. ಐದು ತಿಂಗಳು ಮನೆಯಲ್ಲಿದ್ದಳು. ನಾವು ಮೂರು ಸಲ ಹೋದೆವು, ಒಂದು ಸಲ ಶಾಲೆಯ ಹೆಡ್‌ಮಾಸ್ಟರೂ ಬಂದರು. ಆರರಿಂದ ಹದಿನಾಲ್ಕು ವರ್ಷದ ಮಗು ಶಾಲೆಯಲ್ಲಿರುವುದು ಅದರ ಹಕ್ಕು, 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ ಅಂತ ಹೇಳಿದಾಗ ತಂದೆ ಸುಮ್ಮನಿದ್ದರು. ಕಾನೂನಿಗಿಂತ ಸಂಘದ ಹೆಂಗಸರೇ ಹೆಚ್ಚು ಕೆಲಸ ಮಾಡಿದರು. ಎಂಟು ಜನ ಹೋಗಿ ಜಗಲಿಯ ಮೇಲೆ ಕೂತು, "ನಮ್ಮ ಪುಸ್ತಕ ಬರೆಯೋಳು ಅವಳೇ ಕಣಣ್ಣ, ನೀನು ಅವಳನ್ನ ಓದ್ಸು" ಅಂದರಂತೆ. ಎಂಟನೇ ಕ್ಲಾಸಿಗೆ ಸೇರಿದಳು. ಆದರೆ ಲೆಕ್ಕದ ಪೀರಿಯಡ್ಡಿನಲ್ಲಿ ಈಗಲೂ ಕೈ ಎತ್ತುವುದಿಲ್ಲ ಅಂತ ಟೀಚರು ಹೇಳುತ್ತಾರೆ. ನಾವು ಕೇಳಿದ್ದಕ್ಕೆ ತನ್ನ ಕೈ ನೋಡಿಕೊಂಡು, "ನಂಗೆ ಲೆಕ್ಕದ ಬೆರಳು ಇಲ್ಲ ಸಿಸ್ಟರ್" ಅಂದಳು. ಆ ಹಾಳೆಯನ್ನು ಒಲೆಗೆ ಹಾಕಿದ್ದಾರೆ, ಈ ಮಾತು ಮಾತ್ರ ಅವಳ ತಲೆಯಿಂದ ಇನ್ನೂ ಹೋಗಿಲ್ಲ. ಸಂಘದ ಪುಸ್ತಕ ಬರೆಯುವುದನ್ನು ಮಾತ್ರ ಅವಳಿಗೇ ಬಿಟ್ಟಿದ್ದಾರೆ. ಪ್ರತಿ ವಾರ ಇಪ್ಪತ್ತು ಜನರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು ಅಂತ ನಿಯಮ ಮಾಡಿದ್ದಾರೆ. ಅದು ನಾವು ಹೇಳಿಕೊಟ್ಟದ್ದಲ್ಲ, ಅವರೇ ಮಾಡಿದ್ದು.

ಆ ಸಂಘದವರು ಇನ್ನೊಂದು ನಿರ್ಣಯವನ್ನೂ ಬರೆದುಕೊಂಡಿದ್ದಾರೆ. ಮಕ್ಕಳ ಪರೀಕ್ಷೆಗೆ, ಕೋರ್ಸಿಗೆ ಅಂತ ಯಾರು ಸಾಲ ಕೇಳಿದರೂ ಒಂದು ಸಭೆ ತಡೆದು, ಕಾಗದ ತಂದು ಎಲ್ಲರ ಮುಂದೆ ಓದಿಸಿದ ಮೇಲೆಯೇ ಕೊಡುವುದು. ಓದಲು ಬಾರದಿದ್ದರೆ ಶಾಲೆಯ ಟೀಚರನ್ನು ಕರೆಸುವುದು. ಗಂಡು ಮಗುವಿಗೆ ಇಷ್ಟು, ಹೆಣ್ಣು ಮಗುವಿಗೆ ಇಷ್ಟು ಅಂತ ಬೇರೆ ಬೇರೆ ಮಾಡಿ ಸಾಲ ಕೊಡುವ ಹಾಗಿಲ್ಲ. ನಿಮ್ಮ ನಿಮ್ಮ ಸಂಘಗಳಲ್ಲೂ ಚರ್ಚೆ ಮಾಡಿ ನೋಡಿ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಮನೆಯಲ್ಲಿ ಇಂಥ ಫೈಲು ಇಟ್ಟುಕೊಂಡವರು ಮುಂದಿನ ತಿಂಗಳ ಸಭೆಗೆ ತನ್ನಿ. ಜೊತೆಗೆ ಮಗುವಿನ ನೋಟ್‌ಬುಕ್ಕನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದೋಣ, ನಾಚಿಕೆ ಬೇಡ. ಹಾಲು ಕೊಟ್ಟವರು ನಾವು, ನಾಚಿಕೆ ನಮಗೆ ಮೊದಲು ಆಗಬೇಕು. ಆ ಗುಬ್ಬಿ ತಾಯಿಯ ಸಾಲದಲ್ಲಿ ಇನ್ನೂ ಮೂರು ಕಂತು ಬಾಕಿ ಇದೆ. ಬಡ್ಡಿ ಬಿಡಬೇಕೋ ಬೇಡವೋ ಅಂತ ಸಂಘದವರು ಇನ್ನೂ ತೀರ್ಮಾನ ಮಾಡಿಲ್ಲ.